ಪ್ರೂಫ್ ನೋಡದ ಕಾರ್ಡು

ನಾಯಂಡಹಳ್ಳಿ
ಭಾನುವಾರ, 15-6-2025

ಪ್ರೀತಿಯ ಅಕ್ಕಾ,

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕಾಗದ ಅಂತ ಕ್ಷಮಿಸಿ ಓದು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ನೀನು, ಮಧ್ವೇಶ್ ಭಾವ ಇಬ್ಬರೂ ಆರೋಗ್ಯವೇ? ಹೊಸಪೇಟೆಯ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಾಗಿಲ್ಲ ತಾನೆ? ಅಪ್ಪ ಚೆನ್ನಾಗಿದ್ದಾರೆ. ನೀನು ಅವರ ಮಾತು ಮೀರಿ ಮದುವೆಯಾಗಿ ಎರಡು ವರ್ಷವಾಯಿತು, ನಿನ್ನ ಹೆಸರು ಮಾತ್ರ ಇನ್ನೂ ಅವರ ಬಾಯಿಂದ ಬಂದಿಲ್ಲ.

ಅಪ್ಪ ಮದುವೆ ಕಾರ್ಡು ಕಂಪೋಸ್ ಮಾಡಿ, ನೀನು ಪಕ್ಕದಲ್ಲಿ ಕೂತು ಪ್ರೂಫ್ ನೋಡುತ್ತಿದ್ದೆಯಲ್ಲ, ಆ ಹಳೇ ಕಂಪ್ಯೂಟರ್ ಹೋದ ವಾರ ನಿಂತುಹೋಯಿತು. ಹೊಸದು ತರೋಣ ಎಂದೆ. "ಈ ಹಳೇ ಫಾಂಟಿನ ಫೈಲು ಹೊಸದ್ರಲ್ಲಿ ತೆರೀತದೇನೋ? ಅದ್ರಲ್ಲಿರೋದು ನಂಗೆ ಬೇಕು. ರಿಪೇರಿ ಕಲ್ತಿದ್ಯಲ್ಲ, ಮಾಡು" ಅಂದರು. ಬಿಚ್ಚಿದರೆ, ಮದರ್‌ಬೋರ್ಡಿನಲ್ಲಿ ಕರೆಂಟು ಹಿಡಿದಿಡುವ ಐದು ಕೆಪಾಸಿಟರ್‌ಗಳ ತಲೆ ಊದಿಕೊಂಡಿತ್ತು. ಒಂದರ ನೆತ್ತಿ ಬಿರಿದು ಕಂದು ಅಂಟು ಹೊರಗೆ ಬಂದಿತ್ತು. ಅವನ್ನು ಕಾಯಿಸಿ ತೆಗೆದು, ಅದೇ ಅಳತೆಯ ಹೊಸವನ್ನು ಕೂರಿಸಿದೆ. ಅವಕ್ಕೆ ಪ್ಲಸ್ ಕಾಲು, ಮೈನಸ್ ಕಾಲು ಇರುತ್ತವೆ, ಅದಲುಬದಲಾದರೆ ಸಿಡಿಯುತ್ತವೆ. ಬೋರ್ಡಿನಲ್ಲಿ ಬಿಳಿ ಬಳಿದ ಕಡೆ ಮೈನಸ್ ಎಂದು ನಾನು ಕಲಿತದ್ದು. ಹಾಗೇ ಹಾಕಿ ಸ್ವಿಚ್ಚಿಗೆ ಕೈ ಚಾಚಿದ್ದೆ. ಅಪ್ಪ ಕೈ ಹಿಡಿದುಕೊಂಡರು. "ಪ್ರೂಫ್ ನೋಡ್ದೆ ಪ್ರಿಂಟ್ ಹಾಕ್ತಾರೇನೋ ಬಡ್ಡೀಮಗನೇ? ಬಿಚ್ಚೋಕ್ ಮುಂಚೆ ಫೋಟೋ ತೆಗ್ದಿದ್ಯಲ್ಲ, ತಾಳೆ ನೋಡು." ಅವರು ಕನ್ನಡಕ ಹಾಕಿಕೊಂಡರು. ಇಬ್ಬರೂ ಒಂದೊಂದೇ ನೋಡಿದೆವು. ಆ ಬೋರ್ಡಿನಲ್ಲಿ ಬಿಳಿ ಬಳಿದದ್ದು ಪ್ಲಸ್ಸಿಗೆ. ನಾನು ಹಾಕಿದ ಐದೂ ಉಲ್ಟಾ! ಮತ್ತೆ ಕಿತ್ತು ಸರಿಯಾಗಿ ಕೂರಿಸಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. "ಗೆದ್ದೆ ಕಣೋ" ಅಂದವರು, ಯಾಕೋ ಎದ್ದು ಹೊರಗೆ ಹೋಗಿ ನಿಂತರು.

ಭಾವನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ಸಂಪತ್

ಸೋಮವಾರ ಬೆಳಗ್ಗೆ: ಪೋಸ್ಟಿಗೆ ಹೊರಟವನು ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ ಅಕ್ಕಾ. ಆ ಕಂಪ್ಯೂಟರಿನಲ್ಲಿ ಒಂದು ಕಾರ್ಡು ಸಿಕ್ಕಿತು. ಚಿ. ಸೌ. ರಮ್ಯಶ್ರೀ, ಚಿ. ರಾ. ಮಧ್ವೇಶ್ ಎಂದಿದೆ. ಮುಹೂರ್ತದ ಜಾಗ ಖಾಲಿ. ಫೈಲಿನ ತಾರೀಖು ನೋಡಿದರೆ, ನೀನು ಹೋದ ಮಾರನೇ ವಾರ ಅಪ್ಪ ಕಂಪೋಸ್ ಮಾಡಿದ್ದು. ಯಾಕೆ ಪ್ರಿಂಟ್ ಹಾಕಲಿಲ್ಲ ಎಂದು ಕೇಳಿದೆ. "ರಮ್ಯ ಪ್ರೂಫ್ ನೋಡ್ದೆ ನಾನ್ ಯಾವತ್ತಾದ್ರೂ ಕಾರ್ಡ್ ಹಾಕಿದೀನೇನೋ?" ಅಂದರು. ಅದಕ್ಕೇ ಒಂದು ಪ್ರೂಫ್ ತೆಗೆದು ಇದರ ಜೊತೆ ಕಳಿಸುತ್ತಿದ್ದೇನೆ, ತಿದ್ದಿಕೊಂಡು ನೀನೇ ತಾ. ಪ್ರಿಂಟರಿನಿಂದ ತೆಗೆಯುತ್ತಿದ್ದಂತೆ ಅಪ್ಪ ಅದನ್ನು ಈಸಿಕೊಂಡು ಒಳಗೆ ಹೋದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಒಣಗಲಿ ಎಂದು ಫ್ಯಾನಿನ ಕೆಳಗೆ ಇಟ್ಟರು.