ಬಿಸಿಯೂಟದ ಕೋಣೆಯ ಪಕ್ಕದ ಧಾರ್ಮಿಕ ಸ್ವಾತಂತ್ರ್ಯ

ಶಿಕ್ಷಣಾಧಿಕಾರಿಗಳೇ,

ಪ್ರಾರ್ಥನೆಗೆ ಯಾವ ಮಗುವನ್ನೂ ಬಲವಂತ ಮಾಡಬೇಡಿ ಎಂದು ಕೋರ್ಟು ಹೇಳಿದರೆ, ಹಾಡುತ್ತಿದ್ದ ಮಗುವನ್ನು ಸಾಲಿನಿಂದ ಎಳೆದು ಆಚೆ ನಿಲ್ಲಿಸಿ ಎಂದು ಓದಿಕೊಂಡವರು ಯಾರು? ಸುತ್ತೋಲೆ ಕಳಿಸಿದ ನೀವೋ, ಅದನ್ನು ಕಣ್ಣಿಗೊತ್ತಿಕೊಂಡ ನಮ್ಮೂರ ಹೆಡ್ಮಾಸ್ಟರೋ?

ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದವರು ಇಬ್ಬರು: ನನ್ನ ಮೊಮ್ಮಗಳು ಮಾನಸ, ಪಕ್ಕದ ಮನೆಯ ಸುಗ್ರಾಳ ಮೊಮ್ಮಗಳು ಮುಬಶ್ಶಿರಾ. ನಮ್ಮವಳದು ಕೀರಲು ದನಿ. ಹಾಡನ್ನು ನಡೆಸುತ್ತಿದ್ದವಳು ಆ ಹುಡುಗಿಯೇ. ಸುತ್ತೋಲೆ ಬಂದ ಮರುದಿನ ಅವಳನ್ನು ಬಿಸಿಯೂಟದ ಕೋಣೆಯ ಪಕ್ಕ ನಿಲ್ಲಿಸಿದರು. ಅದು ಅವಳ ಧಾರ್ಮಿಕ ಸ್ವಾತಂತ್ರ್ಯವಂತೆ! ಸಾಂಬಾರಿನ ಹೊಗೆ ಕುಡಿಯುತ್ತಾ ಅನುಭವಿಸಬೇಕಾದ ಸ್ವಾತಂತ್ರ್ಯ.

ಕೇಳಲು ಹೋದೆ.

“ನಾನೇನ್ ಮಾಡ್ಲಮ್ಮಾ, ಮೇಲಿಂದ ಆರ್ಡರ್ ಬಂದೈತೆ,” ಎಂದರು ಹೆಡ್ಮಾಸ್ಟರು.

“ಎಷ್ಟು ಮೇಲಿಂದ ಸಾರ್? ದೇವ್ರೇ ಕಳಿಸಿದ್ನಾ?”

“ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ?”

“ಆ ಹುಡ್ಗೀನ ಒಂದ್ ಮಾತು ಕೇಳಿದ್ರಾ, ಹಾಡ್ತೀಯಾ ಬಿಡ್ತೀಯಾ ಅಂತ?”

ಕೇಳಿರಲಿಲ್ಲ.

ಸ್ವಾಮಿ, ನಾನು ಮೂರನೇ ಕ್ಲಾಸಿಗೇ ಎಮ್ಮೆ ಹಿಂದೆ ಹೋದವಳು. ಆದರೆ ಬಲವಂತ ಯಾವುದು, ಇಷ್ಟ ಯಾವುದು ಎಂದು ನಮ್ಮ ಕಡೆ ಯಾರೂ ಸುತ್ತೋಲೆ ನೋಡಿ ಕಲಿತಿಲ್ಲ. ಮಾನಸ ಕೂಸಾಗಿದ್ದಾಗ ರಚ್ಚೆ ಹಿಡಿದರೆ, ಸಂಜೆ ನಮಾಜು ಮುಗಿಯುವ ಹೊತ್ತಿಗೆ ಎತ್ತಿಕೊಂಡು ಹೋಗಿ ಮಸೀದಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೊರಗೆ ಬಂದವರೆಲ್ಲ ಮಂತ್ರಿಸಿ ಕೂಸಿನ ನೆತ್ತಿಗೆ ಊದಿ ಹೋಗುತ್ತಿದ್ದರು. ನನ್ನ ಪಕ್ಕದಲ್ಲಿ ಕುಂಕುಮವಿಟ್ಟ ಇನ್ನೆಷ್ಟೋ ತಾಯಂದಿರು. ಹೋಗು ಎಂದವರಿಲ್ಲ, ಹೋಗಬೇಡ ಎಂದವರೂ ಇಲ್ಲ. ಮನೆಗೆ ಬಂದು ನಮ್ಮ ಮುನೇಶ್ವರನಿಗೂ ದೀಪ ಹಚ್ಚುತ್ತಿದ್ದೆ. ಅವನೇನೂ ನೋಟಿಸು ಕೊಡಲಿಲ್ಲ.

ಹಾಗಂತ ಎಲ್ಲರೂ ಹಾಡಲೇಬೇಕೆಂದು ನಾನು ವಾದಿಸುತ್ತಿಲ್ಲ. ಬೇಡವೆನ್ನುವ ಮಗು ಅದೇ ಸಾಲಿನಲ್ಲಿ ಸುಮ್ಮನೆ ನಿಲ್ಲಲಿ. ಯಾಕೆಂದು ಯಾರೂ ಕೇಳಬಾರದು. ಆ ಮಗುವಿನ ಮರ್ಯಾದೆ ಕಾಯಲೆಂದು ಬಂದ ತೀರ್ಪನ್ನು ಹಿಡಿದು ಇನ್ನೊಂದರ ಮರ್ಯಾದೆ ತೆಗೆದಿರಲ್ಲ!

ಮುಬಶ್ಶಿರಾ ಈಗ ಶಾಲೆಗೆ ಹೋಗುತ್ತಿಲ್ಲ. ಅವಳ ಚಿಕ್ಕಪ್ಪ ಮುಖ್ತಿಯಾರ್ ಓದು ಬಿಡಿಸಿ ಮಾಲೂರಿನಲ್ಲಿ ಹೊಲಿಗೆಗೆ ಹಾಕುತ್ತೇನೆ ಎನ್ನುತ್ತಿದ್ದಾನೆ. “ಬಿಡಕ್ಕಾ, ನಮ್ಗ್ಯಾಕೆ ಊರ್ ಜಗಳ,” ಎನ್ನುತ್ತಾಳೆ ಸುಗ್ರಾ. ಶಾಲೆಯ ಗಂಟೆ ಹೊಡೆದರೆ ನನಗೆ ಒಲೆ ಮುಂದೆ ಕೂರಲಾಗುತ್ತಿಲ್ಲ. ಎದ್ದು ಬೀದಿಗೆ ಬರುತ್ತೇನೆ, ಅವರ ಬಾಗಿಲು ನೋಡುತ್ತೇನೆ, ಒಳಗೆ ಹೋಗುತ್ತೇನೆ.

ಆ ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸೋಮವಾರ ನೀವೇ ಬಂದು, ಹೆಡ್ಮಾಸ್ಟರನ್ನೂ ಕರೆದುಕೊಂಡು ಹೋಗಿ, ಆ ಹುಡುಗಿಯನ್ನು ಮನೆಯಿಂದ ಕರೆತನ್ನಿ. ನಾನು ಕರೆದು ನೋಡಿದೆ. ಚೀಲ ಹೆಗಲಿಗೆ ಹಾಕಿಕೊಂಡೇ ಹೊಸಿಲಿನ ತನಕ ಬಂದಳು.

“ಬರ್ತೀನಜ್ಜಿ. ಎಲ್ಲಿ ನಿಂತ್ಕೋಬೇಕು, ಅದನ್ ಹೇಳಿ,” ಎಂದಳು.

ಅದನ್ನು ಹೇಳಬೇಕಾದವಳು ನಾನಲ್ಲ. ನೀವು ಬಂದು ಹೇಳಿ.

ಇಂತಿ,
ನಿಮ್ಮ ಕಚೇರಿಯ ಬೆಂಚಿನ ಮೇಲೆ ಕಾದು ಸಾಕಾಗಿ ಪತ್ರಿಕೆಗೆ ಬರೆದ
ಭಾರತಮ್ಮ, ಮಾಸ್ತಿ ಕಡೆಯವಳು