ಸಾಂಬ್ರಾಣಿ ಮರದ ಕೆಳಗೆ ಎರಡು ಉಂಡೆ

ಪರುಲಿಯಾನ್ ಅಣ್ಣಾ,

ಎಮ್ಮೆಗಳನ್ನು ಮಾರಿ ನಾವಿಬ್ಬರೂ ಹುಂಬಾಂಗ್ ಬೆಟ್ಟದಲ್ಲಿ ಕೊಂಡ ಸಾಂಬ್ರಾಣಿ ಮರಗಳ ತೊಗಟೆಗೆ, ಅಂಟು ಒಸರಲೆಂದು, ಇವತ್ತು ಕಚ್ಚು ಹಾಕಿದೆ. ಮನೆಯಲ್ಲಿ ಮುನಿಸಿದ್ದರೆ ಮರ ಅಂಟು ಬಿಡುವುದಿಲ್ಲ ಎನ್ನುತ್ತಿದ್ದೆ ನೀನು. ಇವನ್ನು ಕಡಿದು ಕಾಫಿ ಹಾಕೋಣ ಎಂದು ನಾನು ಹಟ ಹಿಡಿದ ವರ್ಷ ನೀನು ಬೆಟ್ಟ ಹತ್ತಲಿಲ್ಲ; ಆಮೇಲೆ ಹತ್ತಲು ನೀನೇ ಉಳಿಯಲಿಲ್ಲ. ಕಾಫಿಯಲ್ಲೇ ಲಾಭವಿತ್ತು, ಈಗಲೂ ಹೇಳುತ್ತೇನೆ.

ವಾಡಿಕೆಯಂತೆ ಮರದ ಬುಡದಲ್ಲಿ ಅಕ್ಕಿಹಿಟ್ಟಿನ ಉಂಡೆ ಇಟ್ಟೆ. ಜೊತೆಗೆ ಬಂದಿದ್ದ ಸೋದರಮಾವ ನಕ್ಕರು.

"ಎರಡ್ಯಾಕೋ?"

"ಒಂದು ಮರದ್ದು, ಇನ್ನೊಂದು ಅಣ್ಣಂದು. ಮುನಿಸು ಹೋಗ್ಲಿ ಅಂತ."

"ಸತ್ತೋನ ಮೇಲೆ ಇನ್ನೂ ಎಂಥ ಮುನಿಸೋ ನಿಂಗೆ?"

"ನಂಗಲ್ಲ ಮಾವ, ಅವನಿಗೆ."

ಮೂರು ತಿಂಗಳಾದ ಮೇಲೆ ಅಂಟು ಕೀಳಲು ಮತ್ತೆ ಹತ್ತುತ್ತೇನೆ. ಒಂದು ಹನಿ ಕಂಡರೂ ಸಾಕು, ನೀನು ಮಾತಾಡಿದೆ ಎಂದುಕೊಳ್ಳುತ್ತೇನೆ.