ಬಾಣಂತಿ ಮೊಣಕಾಲು

ಜಡಿಗೇನಹಳ್ಳಿ
೧೭-೮-೧೯೭೭

ಚಿ. ಸೌ. ಅನುಸೂಯಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಸೌಖ್ಯ ಎಂದು ಬರೆಯಬೇಕು. ನನ್ನ ಬಲ ಮೊಣಕಾಲೊಂದನ್ನು ಬಿಟ್ಟು ಎಲ್ಲ ಸೌಖ್ಯ. ಅದರ ವಿಷಯದಲ್ಲಿ ಏನು ಮಾಡಬೇಕೋ ತಿಳಿಯದೆ ತಲೆ ಕೆಟ್ಟುಹೋಗಿದೆ ಕಣೇ, ಅದಕ್ಕೇ ಈ ಕಾಗದ.

ನೀನೂ ಅಳಿಯಂದಿರೂ ಇಂಗ್ಲೆಂಡಿಗೆ ಕರೆಸಿಕೊಂಡು, ಸವೆದ ಕೀಲು ತೆಗೆಸಿ ಲೋಹದ ಕೀಲು ಹಾಕಿಸಿದಿರಿ. ಹೊರಡುವ ಮುಂಚೆ ಆ ಡಾಕ್ಟರು ಏನು ಹೇಳಿದರು? ದಿನಾ ನಡೆಯಬೇಕು, ಅತ್ತರೂ ಸರಿ ಮಡಚಬೇಕು, ಈಗ ಬಿಟ್ಟರೆ ಆಮೇಲೆ ಕಾಲು ಕೋಲಿನ ಹಾಗೆ ನಿಂತುಬಿಡುತ್ತದೆ ಎಂದರು. ನೀನು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ನಾನೂ ತಲೆಯಾಡಿಸಿದೆ.

ಇಲ್ಲಿ ನಿಮ್ಮಪ್ಪನ ಅಕ್ಕ, ಸಪ್ಪಲಮ್ಮ ಅತ್ತಿಗೆ, ಆರತಿ ಎತ್ತಿ ಒಳಗೆ ಕರೆದುಕೊಂಡವರೇ ಗಾಯದ ಗುರುತು ನೋಡಿದರು. ಇಷ್ಟುದ್ದ ಕೊಯ್ದಿದ್ದಾರೆ, ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದಕ್ಕಿಂತ ಇದೇನು ಕಮ್ಮಿ, ಇದು ಹಸಿ ಮೈ ಎಂದು ತೀರ್ಮಾನ ಮಾಡಿಯೇಬಿಟ್ಟರು. ಅವತ್ತಿನಿಂದ ನಾನು ಬಾಣಂತಿ! ನಗಬೇಡ. ಗಾಳಿ ಬಾರದ ಕೋಣೆಯಲ್ಲಿ ಮಂಚ, ಕಿವಿಗೆ ಹತ್ತಿ, ಹರಳೆಣ್ಣೆ ನೀವಿ ಹಂಡೆಗಟ್ಟಲೆ ಬಿಸಿನೀರು, ಆಮೇಲೆ ಸಾಂಬ್ರಾಣಿ ಹೊಗೆ. ಬಾಣಂತಿಯ ಹೊಟ್ಟೆಗೆ ಸುತ್ತುವ ಹಾಗೆ ಹಳೇ ಸೀರೆಯಲ್ಲಿ ಮೊಣಕಾಲನ್ನು ನೆಟ್ಟಗೆ ಬಿಗಿದು ಕಟ್ಟುತ್ತಾರೆ. ಕಾಲು ನೆಲಕ್ಕಿಟ್ಟರೆ ಬೈಗುಳ. ಅಜ್ಜಿಯಾಗುವ ವಯಸ್ಸಿನಲ್ಲಿ ನನಗೆ ಬೆಳ್ಳುಳ್ಳಿ, ಮೆಣಸಿನ ಪಥ್ಯ.

ಪಕ್ಕದ ಮನೆ ಲಕ್ಕಮ್ಮ ಮಗು ನೋಡಲು ಬರುವವಳ ಹಾಗೆ ಕೊಬ್ಬರಿ, ಬೆಲ್ಲ ಹಿಡಿದುಕೊಂಡು ಬಂದಳು. ಗುಡುಗಿದರೆ ಅತ್ತಿಗೆ ಓಡಿಬಂದು ನನ್ನ ಕಾಲಿಗೆ ಕಂಬಳಿ ಹೊದಿಸುತ್ತಾರೆ. ಒಳಗೆ ಲೋಹ ಇದೆಯಲ್ಲ, ಸಿಡಿಲು ಹುಡುಕಿಕೊಂಡು ಬಂದೀತಂತೆ.

ಈಗ ನನ್ನ ಗೊಂದಲ ಕೇಳು. ಡಾಕ್ಟರು ಹೇಳಿದ ಹಾಗೆ ಮಡಚಿದರೆ ಪ್ರಾಣ ಹೋಗುತ್ತದೆ. ಅತ್ತಿಗೆ ಹೇಳಿದ ಹಾಗೆ ಮಲಗಿದರೆ ಹಾಯಾಗಿರುತ್ತದೆ. ನೋವು ಕೊಡುವುದು ಮದ್ದೋ, ಹಾಯಾಗಿಡುವುದು ಮದ್ದೋ? ನಿನ್ನನ್ನು ಹೆತ್ತಾಗ ನಾನು ಬದುಕಿ ಉಳಿದದ್ದೇ ಅತ್ತಿಗೆಯ ಕೈಯಿಂದ. ಆ ಕೈ ತಪ್ಪು ಮಾಡುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ಆದರೂ ಮೊನ್ನೆ ಶುಕ್ರವಾರ ಎಣ್ಣೆಗೆಂದು ಬಟ್ಟೆ ಬಿಚ್ಚಿದಾಗ ಮಡಚಿ ನೋಡಿದೆ. ನಿಮ್ಮ ಮನೆಯ ಕುರ್ಚಿಯಲ್ಲಿ ಕೂತು ಪಾದವನ್ನು ಹಿಂದಕ್ಕೆ ಎಳೆಯುತ್ತಿದ್ದೆನಲ್ಲ, ಅದರ ಅರ್ಧವೂ ಆಗಲಿಲ್ಲ. ಡಿಸೆಂಬರಿಗೆ ನಿನ್ನ ಹೆರಿಗೆ. ನಾನು ಬಂದು ನೆಲದ ಮೇಲೆ ಕೂತು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಬೇಕು. ನೀಡುವುದಕ್ಕೇನು, ಕಾಲು ನೀಡಿಯೇ ಇದೆ. ಕೂರುವುದು ಹೇಗೆ, ಏಳುವುದು ಹೇಗೆ?

ಅತ್ತಿಗೆಗೆ ಅವತ್ತೇ ಹೇಳಿದೆ, ಈ ಕಟ್ಟು ಸಾಕು, ನಾನು ಅನುಸೂಯಳ ಬಾಣಂತನಕ್ಕೆ ಹೋಗಬೇಕು ಎಂದು. ಗಂಟು ಬಿಗಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಗೊತ್ತು ಕಣೇ. ಕಾಲು ಮಡಚಿದ್ರೆ ನೀನು ಹೊರಟೋಗ್ತೀಯ. ಹೋದ್ಸಲ ನೀನು ಹೋದಾಗ ಈ ಮನೇಲಿ ನಾನು ಯಾರತ್ರ ಮಾತಾಡ್ದೆ ಹೇಳು? ನಿನ್ನ ಗಂಡ ಮಾತಾಡೋನಾ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದಿನ ಕಟ್ಟಿದ್ದು ಹಸಿ ಮೈ ಎಂದೋ, ನನ್ನನ್ನು ಕಟ್ಟಿಹಾಕುವುದಕ್ಕೋ? ಅದು ಅವರಿಗಾದರೂ ಗೊತ್ತಿದೆಯೋ ಇಲ್ಲವೋ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಸೊಸೆಯಾಗಿ ಬಂದಾಗಿನಿಂದ ಒಂದೇ ಒಲೆಯ ಮುಂದೆ ಕೂತು ಬೇಯಿಸಿದವರು ನಾವು. ಆ ಶುಕ್ರವಾರದಿಂದ ಇಬ್ಬರೂ ಸರಿಯಾಗಿ ಮಾತಾಡಿಲ್ಲ. ನಿಮ್ಮಪ್ಪನನ್ನು ಕೇಳಿದರೆ, ಹೆಂಗಸರ ವಿಷಯ ನೀವೇ ನೋಡಿಕೊಳ್ಳಿ ಎಂದು ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಎದ್ದುಹೋದರು.

ಕಾಲು ಇನ್ನೂ ಕಟ್ಟಿಯೇ ಇದೆ. ಬಿಚ್ಚಲೋ, ಬಿಡಲೋ? ಅಳಿಯಂದಿರನ್ನು ಕೇಳಿ ಬೇಗ ಬರಿ. ನೀನು ಭಾರ ಎತ್ತಬೇಡ, ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ.

ನಿನ್ನ ಅಮ್ಮ,
ರುಕ್ಮಿಣಮ್ಮ

ತಾ.ಕ. ಕಾಗದ ಅಂಟಿಸುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಈಗ ತಾನೇ ಅತ್ತಿಗೆ ಬಂದು ತಾವಾಗಿಯೇ ಕಟ್ಟು ಬಿಚ್ಚಿದರು. ನನ್ನನ್ನು ಮಂಚದ ಅಂಚಿಗೆ ಕೂರಿಸಿ, ತಾವು ನೆಲದ ಮೇಲೆ ಕೂತು, ನನ್ನ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು, "ಎಲ್ಲಿ ಒತ್ತಬೇಕು ಹೇಳು. ಮಗೀಗೆ ನೀರು ಹಾಕೋರು ಬೇಕಲ್ಲ" ಎಂದರು. ಮಡಚಿದೆವು. ನಾನು ಕಿರುಚಿದೆ, ಅವರು ಅತ್ತರು. ಮುಗಿದ ಮೇಲೆ ನೋಡಿದರೆ ಅವರಿಗೆ ನೆಲದಿಂದ ಏಳಲಾಗಲಿಲ್ಲ. ಸೀರೆ ಸರಿದಾಗ ಕಂಡಿತು, ಅವರ ಎರಡು ಮೊಣಕಾಲೂ ನನ್ನ ಹಳೇ ಮೊಣಕಾಲಿನ ಹಾಗೇ ಊದಿ ಸೊಟ್ಟಗಾಗಿವೆ. ಯಾವಾಗಿನಿಂದ ಎಂದು ಕೇಳಿದೆ. ನಾನು ವಿಮಾನ ಹತ್ತುವುದಕ್ಕೆ ಮುಂಚಿನಿಂದಲೂ ಅಂತೆ. ಹೊಸ ಕಾಲೂರಿ ನಾನೇ ಅವರನ್ನು ಕೈಹಿಡಿದು ಎಬ್ಬಿಸಿದೆ. ಡಿಸೆಂಬರಿಗೆ ನಾನು ಬಂದೇ ಬರುತ್ತೇನೆ ಕಣೇ. ಬಂದರೆ ಇವರನ್ನು ಎಬ್ಬಿಸುವವರು ಯಾರು? ಅದನ್ನೂ ಬರಿ.